ಗಡಿಯಾರದವರ ನೀಲಿ ಲಿಲ್ಲಿ

ಗಡಿಯಾರ ರಿಪೇರಿಯವರಿಗೆ ಹೂವೆಂದರೆ ಪ್ರಾಣ. ಆದರೆ ಅವರು ಗಿಡಕ್ಕೊಂದು ಚೊಂಬು ನೀರು ಹಾಕಿದ್ದನ್ನು ಮಾತ್ರ ಯಾರೂ ಕಂಡಿಲ್ಲ. ಅವರ ಹೂವೆಲ್ಲ ಅಂಚೆಚೀಟಿಯ ಮೇಲಿನವು. ದೇಶದೇಶದ ಉದ್ಯಾನ, ಕಾರಂಜಿ, ಟ್ಯುಲಿಪ್, ತಾವರೆ, ಎಲ್ಲ ಒಂದು ದಪ್ಪ ಆಲ್ಬಮ್ಮಿನಲ್ಲಿ ಬಾಡದೆ ಕೂತಿದ್ದವು. "ನನ್ನ ತೋಟಕ್ಕೆ ಗೊಬ್ಬರ ಬೇಡ, ನೀರು ಬೇಡ, ಹುಳದ ಕಾಟ ಇಲ್ಲ" ಎಂದು ಅಂಗಡಿಗೆ ಬಂದವರ ತಲೆ ತಿನ್ನುತ್ತಿದ್ದರು. ಬಂದವರಿಗೆ ತಾವು ಯಾಕೆ ಬಂದೆವೆಂಬುದೇ ಮರೆತುಹೋಗಬೇಕು, ಅಂಥ ಕೊರೆತ.

ಹೆಂಡತಿಗೋ ಬಾಲ್ಕನಿಯಲ್ಲಿ ಒಂದೇ ಕುಂಡ, ಅದರಲ್ಲೊಂದು ಗುಲಾಬಿ. ವರ್ಷಗಟ್ಟಲೆ ಬರೀ ಮುಳ್ಳು ಬಿಟ್ಟ ಆ ಹಟಮಾರಿ ಗಿಡ ಈಗಷ್ಟೇ ಮೊದಲ ಮೊಗ್ಗು ಹಿಡಿದಿತ್ತು. ತರಕಾರಿ ತೊಳೆದ ನೀರನ್ನು ಆಕೆ ಒಂದು ಹನಿಯೂ ಮೋರಿಗೆ ಬಿಡುತ್ತಿರಲಿಲ್ಲ, ಎಲ್ಲ ಕುಂಡಕ್ಕೆ.

ಅನಾಹುತವಾದದ್ದು ಅಲ್ಲೇ. ಆಲ್ಬಮ್ಮಿನಲ್ಲಿ ಒಂದೇ ಚೌಕ ಖಾಲಿಯಿತ್ತು, ನೀಲಿ ಲಿಲ್ಲಿಯದು. ಕಾಡಿ ಬೇಡಿ ಕೊನೆಗೂ ಭಾವಮೈದನಿಂದ ಆ ಚೀಟಿ ಅಂಟಿಸಿದ್ದ ಲಕೋಟೆ ಗಿಟ್ಟಿಸಿದರು. ಅಂಟು ಬಿಡಲೆಂದು ಲಕೋಟೆಯ ಮೂಲೆ ಕತ್ತರಿಸಿ, ಅಡುಗೆಮನೆಯ ಬೋಗುಣಿಯಲ್ಲಿ ನೆನೆಹಾಕಿ, ಯಾರಿಗೂ ಹೇಳದೆ ಸ್ನಾನಕ್ಕೆ ಹೋದರು ಮಹಾನುಭಾವರು. ಬಂದು ನೋಡಿದರೆ ಬೋಗುಣಿ ತೊಳೆದು ಬೋರಲು ಹಾಕಿದೆ.

"ಲೇ, ಇದರಲ್ಲಿದ್ದ ನೀರೆಲ್ಲೇ?"

"ಇನ್ನೆಲ್ಲಿ? ಕುಂಡಕ್ಕೆ ಹಾಕ್ದೆ."

"ಅಯ್ಯೋ, ನನ್ನ ಲಿಲ್ಲಿ ಇತ್ತಲ್ಲೇ ಅದ್ರಲ್ಲಿ!"

"ಬೋಗುಣೀಲಿ ತೋಟ ಇದೆ ಅಂತ ನಂಗೇನು ಕನಸು ಬಿದ್ದಿತ್ತಾ? ನೋಡಿ, ಗಿಡದ ಬುಡಕ್ಕೆ ಮಾತ್ರ ಕೈ ಹಾಕ್ಬೇಡಿ. ಬೇರು ಅಲ್ಲಾಡಿದ್ರೆ ಮೊಗ್ಗು ಉದುರತ್ತೆ."

ಗಡಿಯಾರದವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಚಿಮ್ಮಟ ಹಿಡಿದು ಕುಂಡದ ಮುಂದೆ ಮಂಡಿಯೂರಿದರು. ಎದುರುಮನೆಯ ಟೈಲರ್ ಕಿಟಕಿಯಿಂದಲೇ ಕೂಗಿದ: "ಏನ್ರೀ, ಗುಲಾಬಿಗೂ ಕೀಲಿ ಕೊಡ್ತಿದ್ದೀರಾ?"

ಸಿಕ್ಕಿದ್ದು ಲಕೋಟೆಯ ಬೋಳು ಚೂರು ಮಾತ್ರ. ಮಣ್ಣು ಸಡಿಲವಾಗಿತ್ತು, ಚೀಟಿ ಒಳಗಿಳಿದಿರಬೇಕು. ಗಿಡ ಎತ್ತಿದರೆ ಸಿಕ್ಕೇ ಸಿಗುತ್ತದೆ. ಹೆಂಡತಿ ಒಳಗಿದ್ದಳು, ಅಗೆಯಲೆಂದು ತಂದ ಸೌಟು ಇವರ ಕೈಯಲ್ಲಿತ್ತು. ಆದರೆ ಮೊಗ್ಗಿನ ತುದಿಯಲ್ಲಿ ಕೆಂಪು ಇಣುಕುತ್ತಿತ್ತು. "ಹಾಳಾದ ಮೊಗ್ಗು!" ಎಂದು ಬೈದು ಸೌಟು ಎಸೆದು ಎದ್ದರು. ಆ ದಿನ ಅವರಿಗೆ ಊಟ ಸೇರಲಿಲ್ಲ.

ಮರುದಿನದಿಂದ, ನೀರು ಹಾಕಿದರೆ ಚೀಟಿ ಮೇಲೆದ್ದೀತೆಂಬ ಆಸೆಗೆ, ತಾವೇ ಚೊಂಬು ಹಿಡಿದರು. ಚೀಟಿ ಏಳಲಿಲ್ಲ. ಒಂದು ಬೆಳಿಗ್ಗೆ ಹೂವು ಅರಳಿತು. ಗಡಿಯಾರದವರು ಮಣ್ಣು ನೋಡುವುದನ್ನೇ ಮರೆತು ಮೂಗನ್ನು ಹೂವಿಗೇ ತುರುಕಿದರು.

"ಇಲ್ಲಿ ಬಾರೇ! ಇದಕ್ಕೆ ವಾಸನೆ ಬೇರೆ ಇದೆ!"

ಹೆಂಡತಿ ಬಂದಳು, ನಕ್ಕಳು, ಒಳಗೆ ಹೋಗಿ ಬಟ್ಟೆ ಕಪಾಟಿನಿಂದ ಏನೋ ತಂದು ಅವರ ಅಂಗೈ ಮೇಲಿಟ್ಟಳು. ನೀಲಿ ಲಿಲ್ಲಿ! ಒಣಗಿ, ಒಂದು ಸುಕ್ಕೂ ಇಲ್ಲದೆ.

"ಅವತ್ತು ನನ್ನ ಮುಂಗೈಗೇ ಅಂಟ್ಕೊಂಡಿತ್ತು. ನೀವು ಗಿಡ ಕೀಳ್ತೀರೋ ಇಲ್ವೋ ನೋಡೋಣ ಅಂತ ಸುಮ್ನಿದ್ದೆ."

"ಕಿತ್ತಿದ್ದಿದ್ರೆ?"

"ನಿಮ್ಮ ಆಲ್ಬಮ್ಮಿಗೂ ಒಂದು ಬಕೆಟ್ ನೀರು ಹಾಕ್ತಿದ್ದೆ."