ಅಪ್ಪನ ಹೆಸರಿಗೆ ಹಾಜರಿ

ಮುರಗೋಡದ ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಮೊದಲು ಮನೆತನದ ಅಡ್ಡಹೆಸರು, ಆಮೇಲೆ ಹುಡುಗನ ಹೆಸರು, ಕೊನೆಗೆ ಅವನ ಅಪ್ಪನ ಹೆಸರು. ಆ ಪುಸ್ತಕ ಬರೆಯುತ್ತಿದ್ದವರು ನನ್ನ ಅಪ್ಪನೇ. ಅವರು ಆ ಶಾಲೆಯ ಮಾಸ್ತರರು. ಹೀಗಾಗಿ ವಿಲಾಯತಿಯ ಕಾಲೇಜಿನ ಅರ್ಜಿಯಲ್ಲೂ ನಾನು ಅದೇ ಕ್ರಮದಲ್ಲಿ ಬರೆದು, ಮಸಿ ಒಣಗಿಸಿ, ಭಾರಿ ಜಾಣನಂತೆ ಕಳಿಸಿಕೊಟ್ಟೆ. ಇಂಗ್ಲಂಡಿನಲ್ಲಿ ಮನುಷ್ಯನನ್ನು ಕೊನೆಯ ಹೆಸರಿನಿಂದಲೇ ಕರೆಯುತ್ತಾರೆಂದು ಈ ಜಾಣನಿಗೆ ಯಾರು ಹೇಳಬೇಕು?

ಮೊದಲ ದಿನದ ಪಾಠ ರಸಾಯನಶಾಸ್ತ್ರದ್ದು. ಕೋಣೆಯಲ್ಲಿದ್ದ ಮೇಜುಗಳು ಹನ್ನೆರಡೇ. ನಾನು ಒಂದರ ಮುಂದೆ ಕುಳಿತಿದ್ದೆ. ಬಾಗಿಲ ಬಳಿ ಇನ್ನೂ ಇಬ್ಬರು ಹುಡುಗರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಪ್ರೊಫೆಸರರು ಕನ್ನಡಕ ಏರಿಸಿಕೊಂಡು ಮೊದಲೇ ಸಾರಿಬಿಟ್ಟರು: "ಹೆಸರು ಮೂರು ಸಲ ಕೂಗುತ್ತೇನೆ. ಉತ್ತರ ಬರದಿದ್ದರೆ ಆ ಮೇಜು ಬಾಗಿಲಲ್ಲಿ ನಿಂತವರಿಗೆ." ಮೇಜು ಹೋದರೆ ಆ ವರ್ಷ ಹೋಯಿತು. ವರ್ಷ ಹೋದರೆ, ಖರ್ಚು ಕೊಟ್ಟು ನನ್ನನ್ನು ಕಳಿಸಿದ ಜಹಗೀರದಾರರು 'ತಿರುಗಿ ಹಡಗು ಹತ್ತು' ಅನ್ನುವವರೇ.

ಒಬ್ಬೊಬ್ಬರಾಗಿ ಹಾಜರಿ ಕೊಟ್ಟರು. ನಾನು ಮೈಯೆಲ್ಲ ಕಿವಿಯಾಗಿ ನನ್ನ ಹೆಸರಿಗೆ ಕಾಯುತ್ತಿದ್ದೆ. ಆರೋ ಏಳೋ ಹೆಸರು ಆದ ಮೇಲೆ ಪ್ರೊಫೆಸರರು ತಡವರಿಸಿ, ಪುಸ್ತಕವನ್ನು ಮೂಗಿನ ಹತ್ತಿರ ತಂದು, ಏನೋ ಒಂದು ಕೂಗಿದರು. ಬಾಯಲ್ಲಿ ಬಿಸಿ ಕಡುಬು ಇಟ್ಟುಕೊಂಡು ಮಾತಾಡಿದ ಹಾಗಿತ್ತು. ಹಿಂದಿನ ಮೇಜಿನವರು ಕಿಸಕ್ಕೆಂದು ನಕ್ಕರು. ಯಾರದೋ ಹೆಸರು, ಪಾಪ, ಎಂದುಕೊಂಡು ನಾನೂ ಸ್ವಲ್ಪ ನಕ್ಕೆ.

ಎರಡನೆಯ ಸಲ ಬಿಡಿಸಿ ಬಿಡಿಸಿ ಕೂಗಿದರು. ಆಗ ತಿಳಿಯಿತು. ಅಯ್ಯೋ ಶಿವನೇ, ಅದು ನನ್ನ ಅಪ್ಪನ ಹೆಸರು!

ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಅವ್ವನಿಗೆ ಅವರು 'ಇವರು', ನಮಗೆ 'ಅಪ್ಪಾರು', ಊರಿಗೆಲ್ಲ 'ಮಾಸ್ತರರು'. ಬರಿಯ ಹೆಸರು ಹಿಡಿದು ಕರೆಯುವುದೆಂದರೆ ಜಗಳಕ್ಕೆ ಕರೆದಂತೆಯೇ. ಒಮ್ಮೆ ಸವದತ್ತಿಯ ಸಂತೆಯಲ್ಲಿ ಒಬ್ಬ ಎತ್ತಿನ ದಲಾಲ "ಇಂಥವನ ಮಗ ಅಲ್ಲೇನಲೇ ನೀ?" ಎಂದು ಅಪ್ಪನ ಹೆಸರು ಎತ್ತಿದ್ದಕ್ಕೆ ನಾನು ಅವನ ಕೊರಳಪಟ್ಟಿ ಹಿಡಿದಿದ್ದೆ. ಇಲ್ಲಿ ಯಾರ ಕೊರಳಪಟ್ಟಿ ಹಿಡಿಯಲಿ? ಹಿಡಿಯುವುದಿರಲಿ, ಆ ಹೆಸರಿಗೆ ನಾನೇ ಎದ್ದು ಓಗೊಡಬೇಕಂತೆ! ಅಪ್ಪ ಗಟ್ಟಿಮುಟ್ಟಾಗಿ ಬದುಕಿರುವಾಗ ಮಗನಾದವನು ಅವರ ಹೆಸರಿಗೆ ಓ ಅನ್ನುವುದುಂಟೇ? ಸಿಟ್ಟು ಬಂತು, ಹೆದರಿಕೆಯೂ ಬಂತು. ತಲೆ ತಗ್ಗಿಸಿ ಮೇಜಿನ ಮೇಲಿನ ಗಾಜಿನ ನಳಿಕೆಯನ್ನು ನೋಡುತ್ತ ಕುಳಿತೆ.

"ಇದು ಮೂರನೆಯದು," ಎಂದರು ಪ್ರೊಫೆಸರರು. ಬಾಗಿಲಲ್ಲಿದ್ದ ಒಬ್ಬ ಕೆಳಗಿಟ್ಟಿದ್ದ ಚೀಲವನ್ನು ಎತ್ತಿಕೊಂಡ. ಅವನ ಕಣ್ಣು ನನ್ನ ಮೇಜಿನ ಮೇಲೆಯೇ, ಹದ್ದು ಕೋಳಿಮರಿಯನ್ನು ನೋಡಿದ ಹಾಗೆ. ಹೆಸರು ಮತ್ತೆ ಬಂತು, ಹಿಂದಿನಿಂದ ನಗುವೂ ಬಂತು. ಪ್ರೊಫೆಸರರು ಲೇಖಣಿಯನ್ನು ಮಸಿಯಲ್ಲಿ ಅದ್ದಿದರು.

ಎದ್ದು ನಿಂತೆ. "ಸರ್, ಅದು ನನ್ನ ತಂದೆಯ ಹೆಸರು."

"ನಿನ್ನ ತಂದೆ ಇಲ್ಲಿದ್ದಾರೆಯೇ?"

"ಇಲ್ಲ ಸರ್. ಮುರಗೋಡದಲ್ಲಿದ್ದಾರೆ."

ಕೋಣೆಯೆಲ್ಲ ಹೋ ಎಂದಿತು. ಪ್ರೊಫೆಸರರು ಮಾತ್ರ ನಗಲಿಲ್ಲ. "ಪುಸ್ತಕದಲ್ಲಿ ಇರುವುದು ಈ ಹೆಸರು. ಇದಕ್ಕೆ ಉತ್ತರ ಕೊಡುವವರು ಇದ್ದಾರೆಯೋ, ಇಲ್ಲವೋ?" ಲೇಖಣಿಯ ಮೊನೆ ಕಾಗದಕ್ಕೆ ತಾಗಿತು.

ಕಲಿತ ಇಂಗ್ಲಿಷೆಲ್ಲ ಎಲ್ಲಿ ಹೋಯಿತೋ! ನಮ್ಮೂರ ಶಾಲೆಯ ಮಾತೇ ಬಾಯಿಗೆ ಬಂತು. "ಹಾಜರ್ ಅದೀನ್ರೀ!" ಎಂದು ಕೈ ಎತ್ತಿ ಒದರಿಬಿಟ್ಟೆ. ಮಾತು ತಿಳಿಯದಿದ್ದರೂ ಎತ್ತಿದ ಕೈ ಅವರಿಗೆ ಕಂಡಿತು. ಪುಸ್ತಕದಲ್ಲಿ ಗುರುತು ಹಾಕಿದರು. ಬಾಗಿಲಲ್ಲಿದ್ದವನು ಚೀಲವನ್ನು ಕೆಳಗಿಟ್ಟ. ಆ ತಾಸಿನ ಪಾಠದಲ್ಲಿ ಒಂದಕ್ಷರವೂ ನನ್ನ ತಲೆಗೆ ಹೋಗಲಿಲ್ಲ.

ಆ ವಾರವೇ ಅಪ್ಪನಿಗೆ ಉದ್ದನೆಯ ಕಾಗದ ಬರೆದೆ. ನಿಮ್ಮ ಹೆಸರಿಗೆ ಓಗೊಟ್ಟದ್ದು ತಪ್ಪಾಯಿತು, ಮರ್ಯಾದೆಗಾಗಿಯೇ ತಲೆ ತಗ್ಗಿಸಿ ಸುಮ್ಮನೆ ಕುಳಿತಿದ್ದೆ, ಮೂರನೆಯ ಸಲ ನಿರ್ವಾಹವಿಲ್ಲದೆ ಎದ್ದೆ, ಹೊಟ್ಟೆಗೆ ಹಾಕಿಕೊಳ್ಳಿರಿ ಎಂದು. ಹಿಂದಿನ ಮೇಜಿನವರು ನಕ್ಕದ್ದನ್ನು ಬರೆದೆ. ನಾನು ನಕ್ಕದ್ದನ್ನು ಬರೆಯಲಿಲ್ಲ.

ಉತ್ತರ ಬರಲು ಎರಡು ತಿಂಗಳಾಯಿತು. ಮಾಸ್ತರರಾದರೂ ಅಪ್ಪ ಕಾಗದವನ್ನು ಮಾತಾಡಿದಂತೆಯೇ ಬರೆಯುತ್ತಿದ್ದರು. ಜೋಳದ ಬೆಳೆ, ಅವ್ವನ ಮೊಣಕಾಲು ನೋವು, ಹೊಸ ಎಮ್ಮೆ, ಎಲ್ಲ ಮುಗಿದ ಮೇಲೆ ಕೊನೆಗೆ ಹೀಗಿತ್ತು:

"ತಮ್ಮಾ, ನಾ ಹಾಜರಿ ಕರ್ಯಾಕ ಹತ್ತಿ ಇಪ್ಪತ್ತ ವರ್ಷ ಆತು. ಹೆಸರ ಕರದ್ರೂ ತಲಿ ತಗ್ಗಿಸಿ ಕುಂಡ್ರು ಹುಡುಗ್ರನ್ನ ಭಾಳ ಮಂದಿನ್ನ ನೋಡೇನಿ. ಮರ್ಯಾದಿಗಂತ ಒಬ್ಬಾಂವನೂ ಕುಂತಿದ್ದಿಲ್ಲ. ಮಂದಿ ನಗತಾರಂತ ಕುಂತಿದ್ರು. ಖರೇ ಹೇಳು, ನನ್ನ ಹೆಸರಿಗೆ ನಿನಗ ನಾಚಿಕಿ ಬಂತೋ ಇಲ್ಲೋ?"

ಇಲ್ಲ ಎಂದು ಬರೆಯಲು ಮೂರು ದಿನ ಕುಳಿತೆ, ಕೈ ಏಳಲಿಲ್ಲ. ಕೊನೆಗೆ ಅವ್ವನ ಮೊಣಕಾಲಿಗೆ ಏನು ಹಚ್ಚಬೇಕೆಂದು ಎರಡು ಪುಟ ಬರೆದು ಟಪಾಲಿಗೆ ಹಾಕಿದೆ.