ಮೂರನೆಯ ಗೀರು ಮುಟ್ಟುವ ತನಕ

ಬೆಳಕು ಹರಿಯುವ ಮೊದಲೇ ಚನಿಯಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾರೆ. ಪುಂಜಾಲಕಟ್ಟೆ ಊರಿನ ಕೆಳಗೆ, ಗದ್ದೆಗಳ ನಡುವಿನಿಂದ ಬರುವ ಸಣ್ಣ ತೋಡು ಹೊಳೆಯನ್ನು ಸೇರುವ ಜಾಗ. ಎದುರಿಗೆ ಎಮ್ಮೆ ಮಲಗಿದಂತಹ ಕಪ್ಪು ಬಂಡೆ. ಅದರ ಮೈಮೇಲೆ ಒಂದರ ಕೆಳಗೊಂದು ಮೂರು ಗೀರುಗಳು. ಕೆಂಪು ನೀರು ಎಲ್ಲಕ್ಕಿಂತ ಕೆಳಗಿನ ಗೀರಿಗೂ ಬಂದಿಲ್ಲ. ಚನಿಯಪ್ಪ ಗೇಣು ಹಾಕಿ ಎರಡೆರಡು ಸಲ ಅಳೆಯುತ್ತಾರೆ.

"ಇವತ್ತೂ ಒಂದು ಗೇಣು ಕಡಿಮೆ."

"ನಿಮ್ಮ ಗೇಣೇ ಸಣ್ಣದಾಯ್ತು, ಪ್ರಾಯ ಆದ ಹಾಗೆ" ಎಂದು ದಡದಿಂದ ಹೆಂಡತಿ ಪೂವಮ್ಮ ನಗುತ್ತಾರೆ.

ಇದು ೧೯೮೩. ಜೂನ್ ಅರ್ಧ ಕಳೆದರೂ ಮಳೆ ಕುದುರಿಲ್ಲ. ದಡದಲ್ಲಿ ಎಂಟು ಮನೆಗಳ ಎಂಟು ಕೂಳಿಗಳು, ಮೀನು ಹಿಡಿಯುವ ಬಿದಿರಿನ ಬುಟ್ಟಿಗಳು, ಬಾಯಿ ಕೆಳಗಾಗಿ ಕವುಚಿ ಕುಳಿತಿವೆ. ಚನಿಯಪ್ಪ ತಮ್ಮದನ್ನು ಮಗುಚಿ ನೀರಿಗೆ ಇಳಿಸುವ ತನಕ ಉಳಿದ ಏಳನ್ನು ಯಾರೂ ಮುಟ್ಟುವುದಿಲ್ಲ. ಈ ಐವತ್ತೆಂಟರ ಕೂಲಿಯಾಳಿಗೆ ತಾಯಿಯ ಮನೆಯಿಂದ ಬಂದ ಆಸ್ತಿ ಈ ಮೊದಲ ಹಕ್ಕೊಂದೇ.

ಮೊದಲ ಮಳೆಗೆ ಹೊಳೆಯ ಮೀನು ಮೊಟ್ಟೆಯಿಡಲು ತೋಡು ಹತ್ತಿ ಗದ್ದೆಗೆ ಏರುತ್ತದೆ. ಇಲ್ಲಿಯವರ ಬಾಯಲ್ಲಿ ಅದು ಉಬರ್. ನೀರು ಕೆಳಗಿನ ಗೀರು ಮುಟ್ಟಿದ ದಿನದಿಂದ ಮೂರು ದಿನ ಮೀನಿಗೆ ದಾರಿ ಬಿಡಬೇಕು. ನಾಲ್ಕನೆಯ ದಿನ, ಮೊಟ್ಟೆಯಿಟ್ಟು ಇಳಿಯುವ ಮೀನಿಗೆ ಕೂಳಿ ಒಡ್ಡಬಹುದು.

ಮೇಲಿನ ಗೀರನ್ನು ಕೊರೆದವರು ಯಾರೆಂದು ಖಚಿತವಾಗಿ ಹೇಳುವವರಿಲ್ಲ. ಚನಿಯಪ್ಪ ಅಜ್ಜಿಯ ಬಾಯಿಂದ ಕೇಳಿದ್ದಿಷ್ಟು: "ಆಗ ಅಷ್ಟು ಎತ್ತರ ನೀರು ಬರ್ತಿತ್ತಂತೆ. ಆಮೇಲೆ ಎಷ್ಟೋ ಕಾಲ ಮಳೆಯೇ ಸಣ್ಣದಾಯ್ತು. ಕೆಲವರು ಹೊಳೆ ಬಿಟ್ಟು ಕಡಲಿನ ಕಡೆ ಹೋದ್ರು. ಉಳಿದವರು ಕೆಳಗೆ ಇನ್ನೊಂದು ಗೀರು ಕೊರೆದ್ರು. ಅದಕ್ಕೂ ನೀರು ಬಾರದಾಗ ಮತ್ತೊಂದು."

ಕಳೆದ ವರ್ಷ ಚನಿಯಪ್ಪ ಬಂಡೆ ನೋಡಲಿಲ್ಲ. ಮೇ ತಿಂಗಳ ಒಂದು ಗುಡುಗುಮಳೆಗೆ ತೋಡು ಕೆಂಪಾಯಿತು. ಅದನ್ನೇ ನಂಬಿ ಮೂರು ದಿನ ಎಣಿಸಿ ಕೂಳಿ ಮಗುಚಿದರು. ಜೂನ್‌ನಲ್ಲಿ ನಿಜವಾದ ಉಬರ್ ಏರುವಾಗ ಎಂಟೂ ಕೂಳಿಗಳು ನೀರಿನಲ್ಲಿದ್ದವು.

"ಪೂವಮ್ಮ ಮೀನು ಕೊಯ್ದಳು. ಹೊಟ್ಟೆ ತುಂಬಾ ಮೊಟ್ಟೆ. ನನಗೆ ಊಟ ಸೇರ್ಲಿಲ್ಲ."

ದೀಪಾವಳಿಯ ಹೊತ್ತಿಗೆ ಹೊಳೆಯಲ್ಲಿ ಬಲೆಗೆ ಬೀಳುವ ಮೀನು ಉಳಿದಿರಲಿಲ್ಲ. ಎಂಟು ಮನೆಗಳ ಗಂಜಿಗೆ ಒಣಮೀನೇ ಗತಿಯಾಯಿತು. ಈ ವರ್ಷವೂ ತಪ್ಪಿದರೆ ಬೀಜಕ್ಕೂ ಮೀನಿಲ್ಲ.

ಮೆಲ್ಕಾರಿನಿಂದ ಸೈಕಲ್ಲಿನಲ್ಲಿ ಬರುವ ಮೀನು ವ್ಯಾಪಾರಿ ಹಾಜಬ್ಬ ಖಾಲಿ ಬುಟ್ಟಿ ತಟ್ಟುತ್ತಾರೆ. "ಎಂತ ಚನಿಯಪ್ಪಣ್ಣ, ಬೇರೆ ತೋಡಿನವರು ಆಗಲೇ ಹಿಡಿದಾಯ್ತು. ಹೊಳೆಯವರಿಗೆ ಒಣಮೀನು ಮಾರಿದ ಬ್ಯಾರಿ ನಾನೊಬ್ಬನೇ ಇರಬೇಕು. ಈ ವರ್ಷವೂ ತರುವುದಾ?"

"ತರಬೇಡ ಮಾರಾಯ. ನಾಲ್ಕನೇ ದಿನ ಬಾ."

"ಯಾವುದರಿಂದ ನಾಲ್ಕು?"

"ಬಂಡೆ ಹೇಳ್ತದೆ."

ಆಮೇಲೆ ಐದು ದಿನ ಬೆಳಗ್ಗೆಯೂ ಇದೇ ಅಳತೆ. ನೆರೆಮನೆಯವರ ಗೊಣಗಾಟ ಏರುತ್ತದೆ. ಚನಿಯಪ್ಪ ಕೂಳಿಯ ಪಕ್ಕದಿಂದ ಕದಲುವುದಿಲ್ಲ. ಆರನೆಯ ದಿನ ಘಟ್ಟದ ಮೇಲೆ ಮೋಡ ಒಡೆದು, ಮರುದಿನ ನಸುಕಿಗೆ ಕೆಳಗಿನ ಮೂರನೆಯ ಗೀರು ನೀರಿನಡಿ ಸೇರಿದೆ. ಬೆಳ್ಳಿಯ ಬೆನ್ನುಗಳು ಚನಿಯಪ್ಪನವರ ಕಾಲಿಗೆ ತಾಗುತ್ತಾ ತೋಡು ಹತ್ತುತ್ತಿವೆ. ಬಗ್ಗಿದರೆ ಕೈಗೇ ಸಿಗುವಷ್ಟು.

ಮುಂದೊಂದು ಕಾಲಕ್ಕೆ ನೀರು ಈ ಗೀರಿಗೂ ಬಾರದಿದ್ದರೆ ಎಂದು ಕೇಳಿದರೆ ಚನಿಯಪ್ಪ ಹೇಳುತ್ತಾರೆ:

"ನಾಲ್ಕನೆಯದು ಕೊರೆಯುವ. ದಿನ ಮಾತ್ರ ಮೂರೇ."

ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ದಡದಲ್ಲಿರುವ ಎಲ್ಲರಿಗೂ ಕೇಳುವ ಹಾಗೆ ಎಣಿಸುತ್ತಾರೆ: "ಇವತ್ತಿಗೆ ಒಂದು."