ತಲೆಕೆಳಗೆ ಚಿತ್ರ ಬರೆಯುವ ಅಕ್ಕೋರು

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ಒಂದಿಷ್ಟು ನೀಲಿ ಇರುತ್ತಿತ್ತು. ಅಂಗಡಿಯ ಬಣ್ಣವಲ್ಲ, ಬಿಳಿ ಬಟ್ಟೆಗೆ ಹಾಕುವ ನೀಲಿ. ಹಳ್ಳಿಯ ಮಕ್ಕಳ ಮನೆಯಲ್ಲಿ ಬಣ್ಣದ ಡಬ್ಬಿ ಎಲ್ಲಿಂದ ಬರಬೇಕು ಎಂದು ಅವರು ಟಿ.ವಿ.ಯಲ್ಲಿ ನೀಲಿ, ಅರಿಶಿನ, ಹಂಚಿನ ಮಸಿಯಲ್ಲೇ ಚಿತ್ರ ಬರೆಯುತ್ತಿದ್ದರು. ತೊಳೆದುಕೊಂಡಷ್ಟೂ ಆ ನೀಲಿ ಮತ್ತೆ ಹತ್ತುತ್ತಿತ್ತು. ನನಗೆ ಅವರ ಮುಖಕ್ಕಿಂತ ಆ ಉಗುರೇ ಹೆಚ್ಚು ಪರಿಚಯ, ಯಾಕೆಂದರೆ ನಾನು ಕ್ಯಾಮೆರಾದವನು. ಮದುವೆ, ಬಸುರಿಯರ ಕುಬಸ, ತೊಟ್ಟಿಲು ಎಂದು ಊರೂರು ತಿರುಗಿ ಹೊಟ್ಟೆ ಹೊರೆಯುತ್ತಿದ್ದವನಿಗೆ ವಾರಕ್ಕೊಮ್ಮೆ ಆ ಕೈಯನ್ನು ಹಿಡಿದು ತೋರಿಸುವ ಕೆಲಸ ಸಿಕ್ಕಿತ್ತು.

ಅವರು ನೆಲೋಗಿಯ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಇವರದು ಮನೆಯಲ್ಲಿ ಉರ್ದು, ಬಾಗಿಲು ದಾಟಿದರೆ ನಮ್ಮೆಲ್ಲರಿಗಿಂತ ಗಟ್ಟಿ ಕನ್ನಡ. ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಜೇವರ್ಗಿಗೆ ಬರುತ್ತಿದ್ದರು. ಒಂದೇ ಚೀಲದಲ್ಲಿ ಕುಂಚ, ಮಸಿಯ ಡಬ್ಬಿ, ಖಡಕ್ ರೊಟ್ಟಿ, ಅದಕ್ಕೆ ನೆಂಚಿಕೊಳ್ಳುವ ಶೇಂಗಾ ಹಿಂಡಿ. ಹಿಂಡಿಗೆ ಬಣ್ಣ ಹತ್ತಿತೋ ಬಣ್ಣಕ್ಕೆ ಹಿಂಡಿ ಹತ್ತಿತೋ ಅವರಿಗೆ ಚಿಂತೆಯಿರಲಿಲ್ಲ, ತಿನ್ನುವ ನಮಗಿತ್ತು.

ಬಟ್ಟೆ ಅಂಗಡಿಯ ಮೇಲಿನ ಖೋಲಿಯೇ ನಮ್ಮ ಕೇಬಲ್ ಚಾನೆಲ್ಲಿನ ಸ್ಟುಡಿಯೋ. ಗೋಡೆಗೊಂದು ಪರದೆ, ಕೆಳಗೆ ಹಳೆಯ ಜಮಖಾನೆ, ತಲೆಗೆ ತಾಗುವಂಥ ಫ್ಯಾನು. ಅದು ಗರಗರ ಅನ್ನುವುದರಿಂದ ರೆಕಾರ್ಡಿಂಗ್ ಶುರುವಾದರೆ ಬಂದ್. ನಮ್ಮ ಬಿಸಿಲಿನಲ್ಲಿ ಫ್ಯಾನಿಲ್ಲದೆ ಕೂತು ನಗುವುದು ಸಣ್ಣ ಮಾತಲ್ಲ. ಅಕ್ಕೋರು ನಗುತ್ತಿದ್ದರು, ನಾನು ಬೆವರುತ್ತಿದ್ದೆ.

ಮೊದಲ ದಿನವೇ ತೊಡಕು ಬಂತು. ಇದ್ದದ್ದು ಒಂದೇ ಕ್ಯಾಮೆರಾ. ಅವರ ಹಿಂದೆ ನಿಂತರೆ ಹಾಳೆಯ ಬದಲು ಸೆರಗು ಕಾಣುತ್ತದೆ. ಮೇಲಿಂದ ತೋರಿಸೋಣವೆಂದರೆ ಫ್ಯಾನು. ಎದುರು ನಿಂತರೆ ಅವರ ಮುಖವೂ ಕಾಣುತ್ತದೆ, ಹಾಳೆಯೂ ಕಾಣುತ್ತದೆ, ಆದರೆ ಚಿತ್ರ ಮಾತ್ರ ತಲೆಕೆಳಗು.

"ಅಕ್ಕೋರ, ಗ್ವಾಡಿಗಿ ಒಂದ್ ಬೋರ್ಡ್ ಹಾಕಸ್ತೇನಿ, ಅದರ ಮ್ಯಾಲ ತಗೀರಿ," ಎಂದರು ಚಾನೆಲ್ ಮಾಲೀಕರು.

"ಸಾಲ್ಯಾಗ ದಿನಾ ಮಕ್ಳಿಗಿ ಬೆನ್ನ ತೋರಿಸೂದೇ ಆಗೇದ. ಇಲ್ಲೀನೂ ಬೆನ್ನೇ ತೋರಿಸ್ಲೇನ್ರಿ?"

ನಾನು ಬುದ್ಧಿ ಓಡಿಸಿದೆ. "ತೆಗೆದದ್ದನ್ನ ಕಂಪ್ಯೂಟರ್‌ನ್ಯಾಗ ತಿರುವಿ ಬಿಡ್ತೇನ್ರಿ. ಚಿತ್ರ ಬರೋಬರಿ ಆಗ್ತದ. ಬರೇ ನೀವು ಬಾವಲಿ ಹಂಗ ತೂಗ್ತೀರಿ, ಅಷ್ಟ."

ಅವರಿಗೆ ನಗು ತಡೆಯಲಾಗಲಿಲ್ಲ. ಬರೀ ಕೈ ತೋರಿಸುತ್ತೇನೆಂದು ನಾನು ಹೇಳಿದರೂ ಒಪ್ಪಲಿಲ್ಲ. "ಮುಖ ನೋಡಲಾರದ ಮಕ್ಳು ಕಲಿಯಂಗಿಲ್ಲ ತಮ್ಮಾ," ಎಂದು ಹಾಳೆಯನ್ನು ನನ್ನ ಕಡೆ ತಿರುಗಿಸಿ ಇಟ್ಟರು. "ಬಿಡು, ನಾನೇ ತಿರುವಿ ತಗೀತೇನಿ."

ಅಂದಂತೆ ಮಾಡಿದರು. ಮನೆಯಲ್ಲಿ ಕೂತು ರೂಢಿ ಮಾಡಿಕೊಂಡು ಬಂದು, ಮೊದಲ ಕಾರ್ಯಕ್ರಮದಲ್ಲಿ ಎಮ್ಮೆ ಬರೆದರು. ಎಮ್ಮೆಯ ಕೋಡು ಅವರ ಹೊಟ್ಟೆಯ ಕಡೆ, ಕಾಲು ನನ್ನ ಕಡೆ. ಅವರ ಮಗ್ಗುಲಲ್ಲಿ ನಿಂತು ನೋಡಿದ ಮಾಲೀಕರಿಗೆ ಅದು ಹಗ್ಗದ ಗಂಟೋ ಮೋಡವೋ ತಿಳಿಯಲಿಲ್ಲ. ನನ್ನ ಮುಂದೆ ಮಾತ್ರ ಕರಿ ಎಮ್ಮೆಯೊಂದು ನೆಟ್ಟಗೆ ನಿಂತು ಮೆಲುಕು ಹಾಕುತ್ತಿತ್ತು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಅವರು ಬರೆದದ್ದೆಲ್ಲ ಹಾಗೆಯೇ, ಎದುರಿದ್ದವರಿಗೆ ನೆಟ್ಟಗೆ, ತಮಗೆ ತಲೆಕೆಳಗೆ.

ಕುಂಚ ಎತ್ತಿದ ಕೂಡಲೇ ಮೆಲ್ಲಗೆ ಬಿಸ್ಮಿಲ್ಲಾ ಅನ್ನುತ್ತಿದ್ದರು. ಆಮೇಲೆ ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು, "ಕಾಣಾಕತ್ತದೇನ್ರಿ ಮಕ್ಳ?" ಎಂದು ಕೇಳುತ್ತಿದ್ದರು. ಕೇಳಿ ಸುಮ್ಮನೆ ಕಾಯುತ್ತಿದ್ದರು. ಆ ಸುಮ್ಮನಿರುವಿಕೆ ಮಾಲೀಕರಿಗೆ ಆಗಿಬರುತ್ತಿರಲಿಲ್ಲ. "ಟಿ.ವಿ. ಕೆಟ್ಟಂಗ ಕಾಣ್ತದರಿ, ಅದನ್ನ ತಗದ ಬಿಡೋಣು," ಎಂದರೆ, "ಮಕ್ಳು ಹ್ಞೂಂ ಅನ್ನೂತನಾ ತಡೀಬ್ಯಾಡೇನ್ರಿ?" ಎಂದು ಇವರೇ ತಿರುಗಿ ಕೇಳುತ್ತಿದ್ದರು. ಕ್ಯಾಮೆರಾದವನು ಉಸಿರೂ ಜೋರಾಗಿ ಬಿಡಬಾರದು. ಆದರೂ ಪ್ರತಿಸಲ ನನ್ನ ನಾಲಿಗೆಯ ತುದಿಗೆ ಉತ್ತರ ಬಂದು ನಿಲ್ಲುತ್ತಿತ್ತು, ನುಂಗಿಕೊಳ್ಳುತ್ತಿದ್ದೆ.

ಬೇರೆ ಕಾರ್ಯಕ್ರಮಗಳಲ್ಲಿ ಮಾಡಿ ಮುಗಿಸಿದ್ದೊಂದನ್ನು ಮೇಜಿನ ಕೆಳಗಿಂದ ತೆಗೆದು ತೋರಿಸುತ್ತಾರಲ್ಲ, ಮಾಲೀಕರಿಗೆ ಅದೂ ಬೇಕಿತ್ತು. ಅಕ್ಕೋರು ಸುತರಾಂ ಒಲ್ಲೆ ಎಂದರು. "ಮುಗಿಸಿದ್ದ ತೋರಿಸಿದ್ರ ಮಕ್ಳು ತಮ್ಮದನ್ನ ಹರದ ಒಗೀತಾವ. ನಂದೂ ಅವ್ರ ಮುಂದೇ ಕೆಡ್ಲಿ." ಕೆಡುತ್ತಲೂ ಇತ್ತು. ಒಮ್ಮೆ ಕುದುರೆಗೆ ಐದನೆಯ ಕಾಲು ಬಂದುಬಿಟ್ಟಿತು. ಹಾಗೇ ಇಟ್ಟು, "ಇದು ಬಾಲ ಅಂತ ತಿಳ್ಕೋರಿ," ಎಂದು ಮುಂದೆ ಹೋದರು.

ಕಾರ್ಯಕ್ರಮ ಹೆಸರು ಮಾಡಿದ ಮೇಲೆ ಅಫಜಲಪುರದ ಕೇಬಲ್‌ನವರೂ ಆಳಂದದವರೂ ಕೇಳತೊಡಗಿದರು. ಪೆನ್‌ಡ್ರೈವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟು ಕಳಿಸುತ್ತಿದ್ದೆವು. ಅಕ್ಕೋರು ಹೀಗೆ ಕಂಡಕ್ಟರರ ಕಿಸೆಯಲ್ಲಿ ಕೂತು ಮೂರು ತಾಲೂಕು ತಿರುಗಿದರು.

ಹಾಗೆ ತಿರುಗಿದ್ದರಿಂದಲೇ ಒಂದು ದಿನ ಆಳಂದ ಕಡೆಯ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಿಂದ ಸ್ಟುಡಿಯೋಕ್ಕೆ ಫೋನು ಬಂತು, ಸ್ಪೀಕರಿಗೆ ಹಾಕಿದೆವು. ಒಬ್ಬ ತಾಯಿ. ಸಿಟ್ಟಿನಲ್ಲಿದ್ದಳು.

"ಅಕ್ಕೋರ, ನಮ್ ಹುಡಿಗಿಗಿ ಏನ್ ಕಲಿಸೀರಿ? ಎಲ್ಲಾ ಬುಡಮ್ಯಾಲ ಮಾಡಿ ತಗ್ಯಾಕತ್ತಾಳ! ಮನಿ ತಗದ್ರ ಮಾಳಿಗಿ ಕೆಳಗ, ಬಾಗಲಾ ಮ್ಯಾಲ. ಸಾಲ್ಯಾಗ ಬೈಸ್ಕೊಂಡ ಬಂದಾಳ."

ಅಕ್ಕೋರ ಮುಖ ಸಣ್ಣದಾಯಿತು. ಮಗುವಿಗೆ ಫೋನು ಕೊಡಿ ಎಂದರು. "ಯಾಕ ಬೇಟಾ, ಹಂಗ್ಯಾಕ ತಗೀತಿ?"

ಆ ಕಡೆಯಿಂದ ಸಣ್ಣ ದನಿ, ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ಹಾಗೆ ಬಂತು: "ನಿಮಗ ಕಾಣಬೇಕಲ್ರಿ ಮತ್ತ!"

ಹುಡುಗಿ ಟಿ.ವಿ.ಯ ಮುಂದೆ ಕೂತು, ಹಾಳೆಯನ್ನು ಅಕ್ಕೋರ ಕಡೆ ತಿರುಗಿಸಿಕೊಂಡು ಬರೆಯುತ್ತಿದ್ದಳು. ಅಕ್ಕೋರು ತನಗೆ ಕಾಣುವಂತೆ ತೋರಿಸುತ್ತಾರೆ, ತಾನೂ ಅವರಿಗೆ ಕಾಣುವಂತೆ ತೋರಿಸಬೇಡವೇ? ಆಮೇಲೆ ವಿಚಾರಿಸಿದರೆ ಅಫಜಲಪುರದ ಕಡೆಯ ಮಕ್ಕಳೂ ಇದೇ ಮಾಡುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕೋರು ನಗಲಿಲ್ಲ. ಫೋನು ಇಟ್ಟವರು ಬಹಳ ಹೊತ್ತು ಉಗುರಿನ ನೀಲಿಯನ್ನು ಕೆರೆಯುತ್ತ ಕೂತಿದ್ದರು. ಮುಂದಿನ ವಾರ ಎಮ್ಮೆಗಿಮ್ಮೆ ಏನೂ ಶುರುಮಾಡುವ ಮೊದಲು ಕ್ಯಾಮೆರಾಕ್ಕೆ ಹೇಳಿದರು: "ಮಕ್ಳ, ನೀವು ಹ್ಯಾಂಗ ತಗದ್ರೂ ನನಗ ಕಾಣ್ತದ. ನಿಮಗ ಕಾಣಂಗ ತಗೀರಿ." ಮಕ್ಕಳಿಗೆ ಹೇಳಿದ್ದನ್ನು ತಾವು ಮಾತ್ರ ಎಂದೂ ಮಾಡಲಿಲ್ಲ.

ಕಾಲ ನಿಲ್ಲುತ್ತದೆಯೇ? ಎಲ್ಲರ ಕೈಗೆ ಮೊಬೈಲ್ ಬಂತು, ಕೇಬಲ್ಲಿನ ತಂತಿಗಳು ಕಂಬದಿಂದ ಜೋತುಬಿದ್ದವು, ಚಾನೆಲ್ ಮುಚ್ಚಿತು. ಅಷ್ಟೊತ್ತಿಗೆ ಅಕ್ಕೋರಿಗೆ ನಿವೃತ್ತಿಯೂ ಆಗಿತ್ತು. "ಮಕ್ಳು ಮೊಬೈಲ್‌ನ್ಯಾಗ ಹೋಗಿ ಕುಂತಾರ ಅಂದ್ರ ನಾವೂ ಅಲ್ಲೇ ಹೋಗೋಣು," ಎಂದರು. ಜೇವರ್ಗಿಯ ಅವರ ಮನೆಯ ಪಡಸಾಲೆಯಲ್ಲೇ ನಾನು ಕ್ಯಾಮೆರಾ ನಿಲ್ಲಿಸಿದೆ. ಫ್ಯಾನು ಮಾತ್ರ ಅಲ್ಲಿಯೂ ಬಂದ್.

ಹೀಗಿರುವಾಗ ಅವರಿಗೆ ಲಕ್ವಾ ಹೊಡೆಯಿತು. ಬಾಯಿ ಸ್ವಲ್ಪ ಸೊಟ್ಟಗಾಯಿತು, ಬಲಗೈ ಬಿದ್ದಿತು. ಕಲಬುರಗಿಯ ದವಾಖಾನೆಯಿಂದ ಬರುವಷ್ಟರಲ್ಲಿ ಮಾತು ತಿರುಗಿ ಬಂದಿತ್ತು, ಕೈ ಬಂದಿರಲಿಲ್ಲ. ಕೈಯಲ್ಲಿ ಜೀವವಿದೆ, ರೂಢಿ ಮಾಡಿಸಿ, ಚಿತ್ರ ಬರೆಸಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವರ ಯಜಮಾನರು ದಿನಾ ರಬ್ಬರ್ ಚೆಂಡು ಹಿಸುಕಿಸಿ, ತೊಡೆಯ ಮೇಲೆ ಹಲಗೆ ಇಟ್ಟು, ಹಾಳೆ ಇಟ್ಟು, ಕೈಗೆ ಕುಂಚ ಕೊಡುತ್ತಿದ್ದರು. ಅಕ್ಕೋರು ಎರಡು ಗೀಟು ಎಳೆದು ಕುಂಚ ಬಿಸಾಕುತ್ತಿದ್ದರು.

ನೋಡಲು ಹೋದ ನನಗೆ ಮೊದಲು ಕಂಡದ್ದು ಉಗುರು. ಬೆಳ್ಳಗೆ, ಸ್ವಚ್ಛವಾಗಿತ್ತು.

"ಈ ಕೈ ನಂದಲ್ಲ ಅನಸ್ತದ ತಮ್ಮಾ," ಎಂದರು. "ಎಮ್ಮಿ ಎಲ್ಲಿಂದ ಶುರು ಆಗ್ತದ ಅಂಬೂದೇ ಮರತೇನಿ." ಐದು ಕಾಲಿನ ಕುದುರೆಗೂ ಹೆದರದಿದ್ದ ಹೆಂಗಸು ಹಾಳೆಗೆ ಹೆದರಿದ್ದರು. ನಾನು ಏನೋ ಸಮಾಧಾನ ಹೇಳಿ ಎದ್ದುಬಂದೆ. ಆ ಕೈ ಇನ್ನು ಇಲ್ಲ ಎಂದೇ ದಾರಿಯುದ್ದಕ್ಕೂ ಅನಿಸಿತು.

ಮತ್ತೊಮ್ಮೆ ಹೊರಟಾಗ ನನ್ನ ಮಗಳು ಗಂಟುಬಿದ್ದಳು, ಕರೆದುಕೊಂಡು ಹೋದೆ. ಇನ್ನೂ ಶಾಲೆಗೆ ಸೇರದ ಹುಡುಗಿ, ನನ್ನ ಮೊಬೈಲಿನಲ್ಲಿ ಅಕ್ಕೋರ ಹಳೆಯ ಕಾರ್ಯಕ್ರಮ ನೋಡುತ್ತಲೇ ಉಣ್ಣುವವಳು. ಅವಳಿಗೆ ಲಕ್ವಾ ಏನು ಗೊತ್ತು? ಹೋದವಳೇ ಮಂಚ ಹತ್ತಿ ಅಕ್ಕೋರ ಎದುರು ಚಕ್ಕಳಮಕ್ಕಳ ಹಾಕಿ ಕೂತಳು. ಹಲಗೆಯ ಮೇಲಿನ ಹಾಳೆಯನ್ನು ತನ್ನ ಕಡೆ ಎಳೆದು, ತನಗೆ ನೆಟ್ಟಗೆ ಇಟ್ಟುಕೊಂಡು, "ಅಜ್ಜಿ, ಎಮ್ಮಿ ತಗಿ," ಎಂದಳು.

"ಏ, ಸುಮ್ಕ ಕುಂದ್ರು!" ನಾನು ಗದರಿದೆ.

ಅಕ್ಕೋರು ನನ್ನ ಕಡೆ ನೋಡಲಿಲ್ಲ. ಹುಡುಗಿಯ ಮುಖ ನೋಡಿದರು, ಹಾಳೆ ನೋಡಿದರು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಕುಂಚವನ್ನು ನೀಲಿಯಲ್ಲಿ ಅದ್ದಿದರು. ತಮ್ಮ ಹೊಟ್ಟೆಯ ಕಡೆಯಿಂದ ಒಂದು ಕೋಡು ಬಂತು. ತಡೆದು ತಡೆದು ಇನ್ನೊಂದು ಬಂತು. ಯಜಮಾನರು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಬೆನ್ನು ಬಂತು, ಬಾಲ ಬಂತು. ಗೆರೆ ನಡುಗುತ್ತಿತ್ತು, ಆದರೆ ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಗೊತ್ತಿತ್ತು. ಕೊನೆಗೆ ನನ್ನ ಮಗಳ ಮುಂದೆ ಒಂದು ನೀಲಿ ಎಮ್ಮೆ ನಿಂತಿತು. ಒಂದು ಕೋಡು ಉದ್ದ, ಹೊಟ್ಟೆ ನೆಲಕ್ಕೆ ಹತ್ತಿತ್ತು.

ಮಗಳು ತಲೆ ವಾರೆ ಮಾಡಿ ನೋಡಿದಳು. "ಇದು ಗಬ್ಬ ಅದೇನಜ್ಜಿ?"

"ಹೌದು ಬೇಟಾ," ಎಂದು ಅಕ್ಕೋರು ಸೊಟ್ಟ ಬಾಯಿಯಲ್ಲೇ ನಕ್ಕರು. "ಇನ್ನೇನ್ ಕರಾ ಹಾಕ್ತದ."

ಹೋದ ಜೀವ ಬಂದಂತಾಯಿತು ನನಗೆ. ಯಜಮಾನರು ತಟ್ಟೆಯನ್ನು ಕಿಟಕಿಯಲ್ಲಿಟ್ಟು, ಆರಿಹೋದ ಚಹಾವನ್ನು ತಾವೇ ಕುಡಿದುಬಿಟ್ಟರು. ಇದನ್ನು ಪವಾಡ ಎಂದು ನಾನು ಹೇಳುವುದಿಲ್ಲ. ಹಿಸುಕಿದ ಚೆಂಡಿನ ಪಾಲು ಇದರಲ್ಲಿದೆ, ಡಾಕ್ಟರದೂ ಇದೆ, ಬೇಸರವಿಲ್ಲದೆ ಕುಂಚ ಹೆಕ್ಕಿಕೊಟ್ಟ ಯಜಮಾನರದು ಎಲ್ಲರಿಗಿಂತ ಹೆಚ್ಚಿದೆ. ಆದರೆ ನಾವೆಲ್ಲ ಅವರ ಮುಂದೆ ಹಾಳೆಯನ್ನು ನೆಟ್ಟಗೆ ಇಟ್ಟು ನೀವು ಬರೆಯಿರಿ, ನೀವು ಬರೆಯಿರಿ ಎಂದು ಗಂಟುಬಿದ್ದಿದ್ದೆವು. ಎದುರು ಹೋಗಿ ಕೂಡಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ವರ್ಷಗಟ್ಟಲೆ ಎದುರು ನಿಂತಿದ್ದ ನನಗಂತೂ ಹೊಳೆಯಬೇಕಿತ್ತು, ಇರಲಿ.

ಆಮೇಲೆ ಮಗಳನ್ನು ಆಗಾಗ ಕರೆದುಕೊಂಡು ಹೋಗುತ್ತಿದ್ದೆ. ಎಮ್ಮೆಯ ಹೊಟ್ಟೆ ಬರಬರುತ್ತ ಮೇಲಕ್ಕೆ ಹೋಯಿತು. ಈಗ ಅಕ್ಕೋರು ನೆಟ್ಟಗೆ ಕೂತು ಬರೆಯುತ್ತಾರೆ, ಎಡಗೈಯ ಆಸರೆ ಬೇಡ. ನಾನು ಅವರಿಂದ ಕಲಿತದ್ದು ಎಮ್ಮೆ ಬರೆಯುವುದನ್ನಲ್ಲ, ಅದು ನನಗೆ ಇಂದಿಗೂ ಬರುವುದಿಲ್ಲ. ಮದುವೆ ಮನೆಯಲ್ಲಿ ಕ್ಯಾಮೆರಾ ಊರುವ ಮೊದಲು, ಹಿಂದೆ ಕೂತ ಮುದುಕಿಯರ ಕಡೆ ತಿರುಗಿ, "ನಿಮಗ ಕಾಣಾಕತ್ತದೇನ್ರಿ?" ಎಂದು ಕೇಳುತ್ತೇನೆ. ಮೊದಲು ನಾನು ಹಾಗೆ ಕೇಳುವವನಾಗಿರಲಿಲ್ಲ. ಅವರ ಋಣ ನನ್ನ ಮೇಲೆ ಇಷ್ಟಿದೆ, ತೀರುವಂಥದ್ದಲ್ಲ.

ಮೊನ್ನೆ ಪಡಸಾಲೆಯಲ್ಲಿ ಮತ್ತೆ ಕ್ಯಾಮೆರಾ ನಿಲ್ಲಿಸಿದೆ. ಫ್ಯಾನು ಬಂದ್ ಮಾಡಿದೆ. ಅಕ್ಕೋರು ಬಿಸ್ಮಿಲ್ಲಾ ಅಂದು ಕುಂಚ ಎತ್ತಿದರು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ನೀಲಿ ಇತ್ತು. ಮಾತು ಕೊಂಚ ತೊದಲಿದರೂ ಕಣ್ಣು ಮಾತ್ರ ಮೊದಲಿನಂತೆಯೇ ನೇರ ಬಂದು ನನ್ನ ಕ್ಯಾಮೆರಾದಲ್ಲಿ ನೆಟ್ಟಿತು.

"ಕಾಣಾಕತ್ತದೇನ್ರಿ ಮಕ್ಳ?"

ಕೇಳಿ, ಕಾಯುತ್ತ ಕೂತರು. ಇಷ್ಟು ವರ್ಷ ನುಂಗಿಕೊಂಡದ್ದು ಆ ದಿನ ನನ್ನ ಬಾಯಿಂದ ಬಂದೇಬಿಟ್ಟಿತು.

"ಕಾಣಾಕತ್ತದರಿ ಅಕ್ಕೋರ!"

"ಲೇ, ನಿನಗ್ಯಾರ್ ಕೇಳ್ಯಾರ?" ಎಂದು ಅವರು ಕುಂಚ ಎತ್ತಿ ಹೊಡೆಯುವವರಂತೆ ಮಾಡಿದರು. "ನಾ ಮಕ್ಳಿಗಿ ಕೇಳೇನಿ."

ಎರಡೂ ದನಿಗಳು ರೆಕಾರ್ಡಿಂಗಿನಲ್ಲಿವೆ. ನಾನು ಕತ್ತರಿಸಲಿಲ್ಲ.